ಪಾಲಕ್ಕಾಡಿನ ಕಂಡಿ, ಮೈಸೂರಿನ ಕೋಟೆ

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಬೆಂಗಳೂರಿನಿಂದ ಸೇಲಂ, ಕೊಯಮತ್ತೂರು ಮಾರ್ಗವಾಗಿ ಕೇರಳಕ್ಕೆ ಹೋಗುವ ರೈಲು ದಾಟಬೇಕಾದದ್ದೂ ಇದೇ ಪಶ್ಚಿಮ ಘಟ್ಟವನ್ನೇ. ಆದರೆ ಅಲ್ಲಿ ಘಟ್ಟ ಬಂದದ್ದೂ ಹೋದದ್ದೂ ಪ್ರಯಾಣಿಕನಿಗೆ ಗೊತ್ತಾಗುವುದಿಲ್ಲ. ಕೊಯಮತ್ತೂರು ಬಿಟ್ಟ ಮೇಲೆ ಬಲಕ್ಕೊಂದು, ಎಡಕ್ಕೊಂದು ಬೆಟ್ಟಸಾಲು ದೂರದಲ್ಲಿ ಕಾಣುತ್ತವೆ. ನಡುವೆ ಬಯಲು, ತಾಳೆಮರ, ಗದ್ದೆ. ವಾಳಯಾರ್ ದಾಟಿದರೆ ಕೇರಳ.

ಇದು ಪಾಲಕ್ಕಾಡಿನ ಕಂಡಿ. ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1600 ಕಿಲೋಮೀಟರ್ ಚಾಚಿಕೊಂಡ ಪಶ್ಚಿಮ ಘಟ್ಟದಲ್ಲಿ ಇಷ್ಟು ಅಗಲವಾದ, ಇಷ್ಟು ತಗ್ಗಾದ ತೆರಪು ಇನ್ನೊಂದಿಲ್ಲ. ಉತ್ತರಕ್ಕೆ ನೀಲಗಿರಿ, ಅದರ ದೊಡ್ಡಬೆಟ್ಟ 2637 ಮೀಟರ್. ದಕ್ಷಿಣಕ್ಕೆ ಆನೆಮಲೆ, ಆ ಕಡೆಯ ಆನೆಮುಡಿ 2695 ಮೀಟರ್. ಇವೆರಡರ ನಡುವೆ ನೆಲ ಸಮುದ್ರಮಟ್ಟದಿಂದ ಸರಾಸರಿ 140 ಮೀಟರ್ ಎತ್ತರಕ್ಕೆ ಇಳಿದುಬಿಡುತ್ತದೆ. ತೆರಪಿನ ಅಗಲ 24ರಿಂದ 30 ಕಿಲೋಮೀಟರ್. ಭೂಮಿಯ ಆಳದಲ್ಲಿ ಬಹು ಹಿಂದೆ ಬಂಡೆಗಳು ಒಂದಕ್ಕೊಂದು ಉಜ್ಜಿ ಜರುಗಿದ ಪಟ್ಟಿಯೊಂದು ಇಲ್ಲಿ ಹಾದುಹೋಗಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಅದೇ ತಗ್ಗಿನಲ್ಲಿ ಭಾರತಪ್ಪುಳ ಹೊಳೆ ಪಡುವಣ ಕಡಲಿಗೆ ಹರಿಯುತ್ತದೆ.

ಮನುಷ್ಯರಿಗಿಂತ ಮೊದಲು ಈ ಕಂಡಿಯನ್ನು ಬಳಸಿದ್ದು ಗಾಳಿ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ತಂಪುಗಾಳಿ ಇಲ್ಲಿಂದ ನುಗ್ಗಿ ಕೊಯಮತ್ತೂರಿನ ಸೆಕೆಯನ್ನು ತಗ್ಗಿಸುತ್ತದೆ. ಚಳಿಗಾಲದಲ್ಲಿ ಮೂಡಣದ ಒಣಗಾಳಿ ಎದುರು ದಿಕ್ಕಿನಿಂದ ಬೀಸಿ ಪಾಲಕ್ಕಾಡಿನ ತಾಳೆಮರಗಳನ್ನು ಹಗಲಿರುಳು ಸದ್ದು ಮಾಡಿಸುತ್ತದೆ. ಕಂಡಿಯ ಮೂಡಣ ಬಾಯಿಯಲ್ಲಿ ಇಂದು ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದೂ ಇದರಿಂದಲೇ. ಬೆಟ್ಟದ ಪ್ರಾಣಿಗಳ ಪಾಲಿಗೆ ಮಾತ್ರ ಇದು ದಾರಿಯಲ್ಲ, ತಡೆ. ಎತ್ತರದ ತಂಪಿನಲ್ಲೇ ಬದುಕುವ ಶೋಲಾ ಕಾಡಿನ ಹಕ್ಕಿಗಳಿಗೆ ಈ ಬಿಸಿ ಬಯಲು ದಾಟಲಾಗದ್ದು. ಕಂಡಿಯ ಆಚೀಚೆಯ ನೀಲಗಿರಿ ಥಾರ್‌ಗಳಲ್ಲಿ, ಆನೆಗಳಲ್ಲಿ ಸಹ ವಂಶವಾಹಿಗಳ ವ್ಯತ್ಯಾಸವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ವ್ಯಾಪಾರಿಗಳಿಗೆ ಇದು ಎರಡು ಸಾವಿರ ವರ್ಷಗಳಿಂದಲೂ ರಾಜಮಾರ್ಗ. ಕೊಯಮತ್ತೂರು ಸೀಮೆಯಲ್ಲಿ ರೋಮನ್ ನಾಣ್ಯಗಳ ನಿಧಿಗಳು ಮತ್ತೆ ಮತ್ತೆ ಸಿಕ್ಕಿವೆ. ಅಲ್ಲಿನ ಕೊಡುಮಣಲ್, ಪಡಿಯೂರುಗಳ ಹರಳು, ಮಣಿ ಈ ತೆರಪಿನ ಮೂಲಕವೇ ಕೇರಳದ ರೇವುಗಳಿಗೆ ಹೋಗುತ್ತಿದ್ದವು. ತಂಜಾವೂರು ಕಡೆಯಿಂದ ಬಂದು ಅಗ್ರಹಾರ ಕಟ್ಟಿಕೊಂಡ ಪಾಲಕ್ಕಾಡಿನ ಅಯ್ಯರ್ ಮನೆತನಗಳು ನಡೆದುಬಂದದ್ದೂ ಇದೇ ದಾರಿಯಲ್ಲಿ.

ಮೈಸೂರಿನ ಸೇನೆ ಈ ದಾರಿ ಹಿಡಿದದ್ದು ಕರೆದಿದ್ದಕ್ಕೆ. ಕಲ್ಲಿಕೋಟೆಯ ಅರಸ ಸಾಮೂತಿರಿ ಪಾಲಕ್ಕಾಡಿನ ಮೇಲೆ ಕೈಹಾಕಿದಾಗ ಪಾಲಕ್ಕಾಡಿನ ಅಚ್ಚನ್, ಅಂದರೆ ಅಲ್ಲಿನ ಅರಸ, 1757ರಲ್ಲಿ ನೆರವು ಕೇಳಿ ಕಳಿಸಿದ್ದು ಹೈದರಾಲಿಗೆ. ಹೈದರ್ ಆಗ ಇನ್ನೂ ಮೈಸೂರಿನ ಸರ್ವಾಧಿಕಾರಿಯಲ್ಲ, ದಿಂಡಿಗಲ್ಲಿನ ಫೌಜುದಾರ. ಅವನು ತನ್ನ ಭಾವಮೈದುನ ಮಖ್ದೂಮ್ ಸಾಹೇಬನನ್ನು 2000 ಕುದುರೆ ಸವಾರರು, 5000 ಕಾಲಾಳುಗಳು ಮತ್ತು ಐದು ಫಿರಂಗಿಗಳೊಂದಿಗೆ ಕಳಿಸಿಕೊಟ್ಟ. ಆ ಪಡೆ ಕಂಡಿ ದಾಟಿ ಕಡಲತೀರದವರೆಗೂ ಹೋಯಿತು. ಸಾಮೂತಿರಿ ಯುದ್ಧದ ಖರ್ಚಿಗೆಂದು 12 ಲಕ್ಷ ರೂಪಾಯಿ ಕೊಡುವುದಾಗಿ ಒಪ್ಪಿಕೊಂಡ.

ಆ ಹಣ ಬರಲಿಲ್ಲ. ವರ್ಷಗಳು ಉರುಳಿದವು. 1763ರಲ್ಲಿ ಬಿದನೂರು ಗೆದ್ದು, ಮಂಗಳೂರಿನ ರೇವು ಕೈಗೆ ಬಂದ ಮೇಲೆ ಹೈದರನಿಗೆ ಆ ಬಾಕಿಯ ನೆನಪು ಮತ್ತಷ್ಟು ಬಲವಾಯಿತು. 1766ರ ಆರಂಭದಲ್ಲಿ ಅವನು ಕರಾವಳಿಗುಂಟ ಉತ್ತರದಿಂದ ಮಲಬಾರಿಗೆ ಇಳಿದ. ಕಲ್ಲಿಕೋಟೆಯವರೆಗೂ ಅವನನ್ನು ತಡೆದು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಅವಮಾನ ತಾಳದ ಸಾಮೂತಿರಿ ತನ್ನ ಅರಮನೆಗೆ ತಾನೇ ಬೆಂಕಿಯಿಟ್ಟು ಅದರಲ್ಲಿ ಪ್ರಾಣಬಿಟ್ಟ. ಹೈದರ್ ಮಲಬಾರು ತನ್ನದಾಯಿತೆಂದುಕೊಂಡು ಕಂಡಿಯ ಮೂಲಕ ಕೊಯಮತ್ತೂರಿಗೆ ಹೋದ. ಮಳೆಗಾಲ ಶುರುವಾಗುವುದನ್ನೇ ಕಾಯುತ್ತಿದ್ದ ನಾಯರ್ ಪಡೆಗಳು ದಂಗೆ ಎದ್ದವು. ಹೊಳೆಗಳು ಉಕ್ಕಿ ಹರಿಯುವ ಕಾಲ; ದೂರದೂರದ ಠಾಣ್ಯಗಳಲ್ಲಿ ಹಂಚಿಹೋಗಿದ್ದ ಮೈಸೂರಿನ ಸಿಪಾಯಿಗಳಿಗೆ ಸುದ್ದಿ ಕಳಿಸಲಾಗದು, ಅಕ್ಕಿ ಮುಟ್ಟಿಸಲಾಗದು. ಹೈದರ್ ಸುರಿಯುವ ಮಳೆಯಲ್ಲೇ ಸೇನೆಯನ್ನು ತಿರುಗಿಸಿ ಮತ್ತೆ ಕಂಡಿ ದಾಟಬೇಕಾಯಿತು.

ಪಾಲಕ್ಕಾಡಿನ ಕೋಟೆ ಹುಟ್ಟಿದ್ದು ಈ ಮಳೆಗಾಲದ ಪಾಠದಿಂದ. ಅದೇ 1766ರಲ್ಲಿ, ಮೊದಲೇ ಒಂದು ಕೋಟೆಯಿದ್ದ ಜಾಗದಲ್ಲಿ, ಹೈದರ್ ಹೊಸದಾಗಿ ಕಟ್ಟಿಸಲು ಆರಂಭಿಸಿದ.

ಚಿತ್ರದುರ್ಗ, ನಂದಿ, ಸಾವನದುರ್ಗಗಳನ್ನು ಕಂಡ ಕನ್ನಡಿಗನಿಗೆ ಈ ಕೋಟೆ ಮೊದಲ ನೋಟಕ್ಕೆ ಸಪ್ಪೆ ಎನಿಸಬಹುದು. ಇಲ್ಲಿ ಬಂಡೆಯಿಲ್ಲ, ಏರಿಲ್ಲ. ಊರಿನ ನಡುವೆ, ಸಮತಟ್ಟು ನೆಲದಲ್ಲಿ, ಚಚ್ಚೌಕಾಕಾರದಲ್ಲಿ ಕೂತಿದೆ. ಹತ್ತಿರ ಹೋದಾಗ ಅದರ ಗಟ್ಟಿತನ ತಿಳಿಯುತ್ತದೆ. ಸುತ್ತ ನೀರು ತುಂಬಿದ ಅಗಲವಾದ ಕಂದಕ. ನೀರಿನ ಅಂಚಿನಿಂದಲೇ ನೆಟ್ಟಗೆ ಏಳುವ, ಕೆತ್ತಿದ ಕರಿಕಲ್ಲಿನ ಗೋಡೆ. ಮೂಲೆಗಳಲ್ಲೂ ಗೋಡೆಗಳ ನಡುವೆಯೂ ಗುಂಡನೆಯ ಕೊತ್ತಳಗಳು. ಅವುಗಳ ನೆತ್ತಿ ಫಿರಂಗಿ ಇಟ್ಟು ತಿರುಗಿಸುವಷ್ಟು ಹರವು. ಗೋಡೆಯ ಬುಡಕ್ಕೆ ಬರುವವನ ಮೇಲೆ ಎರಡು ಕೊತ್ತಳಗಳಿಂದ ಗುಂಡು ಬೀಳುವಂತೆ ಅವುಗಳ ಜೋಡಣೆ. ಒಳಹೋಗಲು ಕಂದಕದ ಮೇಲೆ ಇರುವುದು ಒಂದೇ ಸೇತುವೆ. ಈಗ ಕಾಯಂ ಆಗಿ ಕಟ್ಟಿರುವ ಅದು ಆಗ ಬೇಕಾದಾಗ ಎತ್ತಿಕೊಳ್ಳಬಹುದಾದ ಸೇತುವೆಯಾಗಿತ್ತು. ಅದರಾಚೆ ಒಂದರ ಹಿಂದೊಂದು ಬಾಗಿಲು. ಮೊದಲನೆಯದನ್ನು ಮುರಿದವನು ಎರಡನೆಯದರ ಮುಂದೆ ಇಕ್ಕಟ್ಟಿನಲ್ಲಿ, ಮೇಲಿನಿಂದ ಬೀಳುವ ಗುಂಡಿಗೆ ಎದೆಯೊಡ್ಡಿ ನಿಲ್ಲಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕಾಲದ ಫಿರಂಗಿ ಗುಂಡು ಒಂದೆರಡು ಕಿಲೋಮೀಟರ್ ಹೋದರೆ ಹೆಚ್ಚು. ಮೂವತ್ತು ಕಿಲೋಮೀಟರ್ ಅಗಲದ ಬಯಲನ್ನು ಒಂದು ಚಚ್ಚೌಕದ ಕೋಟೆ ಮುಚ್ಚುವುದು ಹೇಗೆ? ಶತ್ರು ಪಕ್ಕದಲ್ಲಿ ಹಾದುಹೋದರಾಯಿತಲ್ಲ?

ಹಾದುಹೋಗಲು ಆಗುತ್ತಿರಲಿಲ್ಲ ಎಂಬುದೇ ಈ ಕೋಟೆಯ ಗುಟ್ಟು. ಹದಿನೆಂಟನೆಯ ಶತಮಾನದ ಸೇನೆಯೆಂದರೆ ಬಂದೂಕು ಹಿಡಿದವರಷ್ಟೇ ಅಲ್ಲ. ಫಿರಂಗಿ ಎಳೆಯುವ, ಮದ್ದುಗುಂಡು ಹೊರುವ, ಅಕ್ಕಿಮೂಟೆ ಸಾಗಿಸುವ ಸಾವಿರಾರು ಎತ್ತುಗಳು, ಅವುಗಳ ಹಿಂದೆ ಹೋಗುವ ಬಂಜಾರರು, ಅಂಗಡಿಕಾರರು, ಹೆಂಗಸರು ಮಕ್ಕಳು. ಈ ಸಾಲು ಮೈಲಿಗಟ್ಟಲೆ ಉದ್ದ. ಗೆಲ್ಲದ ಕೋಟೆಯೊಂದನ್ನು ಬೆನ್ನ ಹಿಂದೆ ಬಿಟ್ಟು ಮುಂದೆ ಹೋದರೆ ಅದರೊಳಗಿನ ಸವಾರರು ಹೊರಬಂದು ಈ ಸಾಲನ್ನು ತುಂಡರಿಸಿಬಿಡುತ್ತಿದ್ದರು. ಎತ್ತು ಹೋದರೆ ಸೇನೆ ಹೋದಂತೆ. ಜೊತೆಗೆ ಪಾಲಕ್ಕಾಡು ಭತ್ತದ ಸೀಮೆ, ಇಂದಿಗೂ ಕೇರಳದ ಕಣಜ. ಕೋಟೆ ಹಿಡಿದವನ ಕೈಯಲ್ಲಿ ಆ ಅಕ್ಕಿಯ ದಾಸ್ತಾನು ಇರುತ್ತಿತ್ತು. ಕೋಟೆಯನ್ನು ಬರಿ ಗೋಡೆಯ ದಪ್ಪದಿಂದ ಅಳೆಯುವವರು ಅದರೊಳಗಿನ ಕಣಜವನ್ನು ಮರೆಯುತ್ತಾರೆ. ಪಾಲಕ್ಕಾಡಿನ ಮಟ್ಟಿಗಂತೂ ಆ ಕಣಜವೇ ಮುಖ್ಯ.

ಈ ಲೆಕ್ಕಾಚಾರದಲ್ಲಿ ಮೈಸೂರಿಗೆ ಒಂದು ಮೇಲುಗೈ ಇತ್ತು: ಅದರ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿಯ ಹಸುಗಳಿಂದ ಬೆಳೆದುಬಂದ, ಮುಂದೆ ಹೈದರನ ಮಗ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ತಳಿ ಅದು. 1781ರಲ್ಲಿ ಚಿದಂಬರದ ನೆರವಿಗೆ ಹೋಗುವಾಗ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದೂ, ಅದು ಸಾಧ್ಯವಾದದ್ದು ಈ ಎತ್ತುಗಳಿಂದಲೆಂದೂ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಶ್ರೀರಂಗಪಟ್ಟಣದಿಂದ ಹೊರಟ ಪಡೆ ಗಜ್ಜಲಹಟ್ಟಿ ಕಣಿವೆಯಲ್ಲಿ ಘಟ್ಟ ಇಳಿದು, ಸತ್ಯಮಂಗಲ, ಕೊಯಮತ್ತೂರು ಹಾದು, ಪಾಲಕ್ಕಾಡಿನ ಮೂಲಕ ಮಲಬಾರಿನ ಕಡಲಿಗೆ ಮುಟ್ಟುತ್ತಿತ್ತು. ಗಜ್ಜಲಹಟ್ಟಿ ಈ ದಾರಿಯ ಮೇಲಿನ ಬಾಗಿಲು, ಪಾಲಕ್ಕಾಡು ಕೆಳಗಿನ ಬಾಗಿಲು. ಈ ಕೆಳಗಿನ ಬಾಗಿಲನ್ನು ಶತ್ರು ಹಿಡಿದರೆ ಮಲಬಾರು ಕಳೆದುಹೋಗುತ್ತಿತ್ತು. ಅಷ್ಟೇ ಅಲ್ಲ, ಶ್ರೀರಂಗಪಟ್ಟಣಕ್ಕೆ ಹತ್ತುವ ದಾರಿ ಅವನಿಗೆ ತೆರೆಯುತ್ತಿತ್ತು.

ಇಂಗ್ಲಿಷರಿಗೆ ಇದು ಬೇಗ ತಿಳಿಯಿತು. ಮೊದಲ ಮೈಸೂರು ಯುದ್ಧದಲ್ಲಿ, 1768ರಲ್ಲಿ, ಕರ್ನಲ್ ವುಡ್ ಕೋಟೆಯನ್ನು ಹಿಡಿದ. ಕೆಲವೇ ತಿಂಗಳಲ್ಲಿ ಹೈದರನ ಕಡೆಯವರು ಘಟ್ಟ ಇಳಿದು ಬಂದು, ಇಂಗ್ಲಿಷರು ಅಲ್ಲಲ್ಲಿ ಚದುರಿಸಿಟ್ಟಿದ್ದ ಸಣ್ಣ ಸಣ್ಣ ಠಾಣ್ಯಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಪಾಲಕ್ಕಾಡೂ ಮರಳಿ ಬಂತು.

ಎರಡನೆಯ ಯುದ್ಧದಲ್ಲಿ ಈ ಕಂಡಿ ದಕ್ಷಿಣದ ಇತಿಹಾಸವನ್ನೇ ಒಂದು ಕ್ಷಣ ತನ್ನ ಕೈಯಲ್ಲಿ ಹಿಡಿದಿತ್ತು ಎಂದರೆ ಅತಿಶಯವಲ್ಲ. 1782ರಲ್ಲಿ ಕರ್ನಲ್ ಹಂಬರ್‌ಸ್ಟನ್ ಪಡುವಣ ಕರಾವಳಿಯಿಂದ ಹೊರಟು ಕೋಟೆಯ ಮುಂದೆ ಬಂದು ನಿಂತ. ಗೋಡೆ ಒಡೆಯುವ ದೊಡ್ಡ ಫಿರಂಗಿಗಳು ಅವನ ಜೊತೆಗಿರಲಿಲ್ಲ. ಕೋಟೆಯ ಬಲ ನೋಡಿ ಹಿಂದೆ ಸರಿಯುವುದರಲ್ಲಿ, ಕಾರ್ನಾಟಿಕ್ ರಣರಂಗದಿಂದ ಹೊರಟ ಟಿಪ್ಪು ಬಿರುಸಿನಿಂದ ಕಂಡಿಯೊಳಗೆ ನುಗ್ಗಿಬಂದ. ಇಂಗ್ಲಿಷರು ಹೊಳೆಗುಂಟ ಹಿಮ್ಮೆಟ್ಟುತ್ತ ಹೋಗಿ ಪೊನ್ನಾನಿಯ ಕಡಲಂಚಿನಲ್ಲಿ ನಿಂತರು. ಬೆನ್ನಿಗೆ ಕಡಲು, ಎದುರಿಗೆ ಟಿಪ್ಪು. ನವೆಂಬರ್ ಕೊನೆಯಲ್ಲಿ ಅವನ ಮೊದಲ ದಾಳಿಯನ್ನು ಅವರು ತಡೆದರು. ಟಿಪ್ಪು ದೊಡ್ಡ ಫಿರಂಗಿಗಳಿಗಾಗಿ ಕಾಯುತ್ತ ಕೂತ.

ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಅವನ ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯ ಆ ಸಾವನ್ನು ಮುಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಹಣ ಸಾಗಿಸುವ ರೀತಿಯಲ್ಲಿ, ಕೋಲಾರದ ಕಡೆಗೆ ಕಳಿಸಿದರು. ವೇಗದ ದೂತರು ಇಡೀ ದಕ್ಷಿಣವನ್ನು ಅಡ್ಡ ಹಾಯ್ದು, ಕೆಲವೇ ದಿನಗಳಲ್ಲಿ ಪೊನ್ನಾನಿಯಲ್ಲಿದ್ದ ಟಿಪ್ಪುವಿಗೆ ಸುದ್ದಿ ಮುಟ್ಟಿಸಿದರು. ಅವನು ತಕ್ಷಣ ಪಾಳೆಯ ಕಿತ್ತು ಮೂಡಣಕ್ಕೆ ತಿರುಗಿದ. ಸಿಕ್ಕಿಬಿದ್ದಿದ್ದ ಇಂಗ್ಲಿಷ್ ಪಡೆ ಉಳಿದುಕೊಂಡಿತು. ಜನವರಿ ಆರಂಭದಲ್ಲಿ ಟಿಪ್ಪು ತಂದೆಯ ಸೇನೆಯನ್ನು ಸೇರಿಕೊಂಡಾಗ ಅದು ಒಡೆಯದೆ, ಚದುರದೆ ಅವನಿಗಾಗಿ ಕಾದಿತ್ತು. ಪಾಲಕ್ಕಾಡಿನ ಕೋಟೆ ಆ ತಿಂಗಳು ಶತ್ರುವಿನ ಕೈಯಲ್ಲಿದ್ದಿದ್ದರೆ ಅಷ್ಟು ಬೇಗ, ಅಷ್ಟು ನಿಶ್ಚಿಂತೆಯಿಂದ ಅವನು ಬರಲಾಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಮರುವರ್ಷ ಕರ್ನಲ್ ಫುಲರ್ಟನ್‌ನ ಸರದಿ. ಅವನು ಬಂದದ್ದು ದಕ್ಷಿಣದಿಂದ. ಜೂನ್‌ನಲ್ಲಿ ಧಾರಾಪುರ ಹಿಡಿದು, ಪಳನಿ, ಆನೆಮಲೆಯ ತಪ್ಪಲಿನಲ್ಲಿ ಕಾಡು ಕಡಿದು ದಾರಿ ಮಾಡುತ್ತ, ಬಿಡದ ಮಳೆಯಲ್ಲಿ ಫಿರಂಗಿಗಳನ್ನು ಎಳೆಸುತ್ತ, 1783ರ ನವೆಂಬರ್ ಆರಂಭದಲ್ಲಿ ಕೋಟೆಯನ್ನು ಮುತ್ತಿದ. ಮುತ್ತಿಗೆ ಹನ್ನೊಂದು ದಿನ ನಡೆಯಿತು. ಮುಗಿದದ್ದು ಮಾತ್ರ ಒಂದು ರಾತ್ರಿಯ ಜಡಿಮಳೆಯಿಂದ. ಕಂದಕದ ಹೊರದಂಡೆಯ ಮರೆದಾರಿಯಲ್ಲಿ ಕಾವಲಿದ್ದವರ ಮೇಲೆ ಕ್ಯಾಪ್ಟನ್ ಮೇಟ್‌ಲೆಂಡ್ ಎಂಬವನು ಮಳೆಯ ಮರೆಯಲ್ಲೇ ಬಿದ್ದ. ಅವರು ಒಳಕ್ಕೆ ಓಡಿದರು. ಅವರ ಬೆನ್ನಿಗೇ ಅವನ ತುಕಡಿಯೂ ಮೊದಲ ಬಾಗಿಲು ದಾಟಿತು, ಎರಡನೆಯದನ್ನೂ ದಾಟಿತು. ಮುಂದಿನ ಬಾಗಿಲು ಅವರನ್ನು ತಡೆಯಿತು. ಆದರೆ ಶತ್ರು ಬಾಗಿಲುಗಳ ನಡುವೆಯೇ ಬಂದು ನಿಂತದ್ದನ್ನು ಕಂಡ ಒಳಗಿನವರ ಧೈರ್ಯ ಉಡುಗಿತು. ಕೋಟೆ ಶರಣಾಯಿತು.

ಎರಡು ವಾರದೊಳಗೆ ಕೊಯಮತ್ತೂರೂ ಬಿತ್ತು. ಫುಲರ್ಟನ್‌ನ ಕಣ್ಣು ಗಜ್ಜಲಹಟ್ಟಿಯ ಮೇಲಿತ್ತು, ಅದರ ಮೇಲೆ ಶ್ರೀರಂಗಪಟ್ಟಣ. ಅಷ್ಟರಲ್ಲಿ ಟಿಪ್ಪುವಿನ ಜೊತೆ ಸಂಧಿಯ ಮಾತುಕತೆ ನಡೆದಿದೆ, ಮುಂದೆ ಹೋಗಬೇಡ ಎಂಬ ಆಜ್ಞೆ ಬಂತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಮುಂದೆ ಫುಲರ್ಟನ್ ಬರೆದ ಪುಸ್ತಕದಲ್ಲಿ ಪಾಲಕ್ಕಾಡಿನ ಮಹತ್ವವನ್ನು, ಎರಡು ಕರಾವಳಿಗಳನ್ನು ಬೆಸೆಯುವ ಅದರ ನೆಲೆಯನ್ನು ಬಿಡಿಸಿ ಹೇಳಿದ್ದಾನೆ. ಇಂಗ್ಲಿಷರು ಬಿಟ್ಟುಹೋದ ಕೋಟೆ ಕೆಲಕಾಲ ಸಾಮೂತಿರಿ ಮನೆತನದ ಪಡೆಯ ಕೈಯಲ್ಲಿದ್ದು, ಮತ್ತೆ ಮೈಸೂರಿನದಾಯಿತು.

ಕೊನೆಯ ಮುತ್ತಿಗೆಯ ಮೂಲ ತಿರುವಾಂಕೂರಿನ ಗಡಿಯಲ್ಲಿತ್ತು. 1789ರ ಡಿಸೆಂಬರ್ 29ರಂದು ಟಿಪ್ಪು ಅಲ್ಲಿನ ಉದ್ದನೆಯ ರಕ್ಷಣಾಗೋಡೆಯಾದ ನೆಡುಂಕೋಟೆಯ ಮೇಲೆ ದಾಳಿ ಮಾಡಿ ಸೋತ. ಮೂರನೆಯ ಮೈಸೂರು ಯುದ್ಧಕ್ಕೆ ಅದೇ ಕಾರಣವಾಯಿತು. 1790ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಗಜ್ಜಲಹಟ್ಟಿಯಲ್ಲಿ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನನ್ನು ಹಿಮ್ಮೆಟ್ಟಿಸುತ್ತಿದ್ದ. ಸುಮಾರು ಅದೇ ದಿನಗಳಲ್ಲಿ ಕರ್ನಲ್ ಸ್ಟುವರ್ಟ್ ಪಾಲಕ್ಕಾಡಿನ ಮುಂದೆ ದೊಡ್ಡ ಫಿರಂಗಿಗಳನ್ನು ಹೂಡಿದ್ದ. ಸೆಪ್ಟೆಂಬರ್ 21ರಂದು ಗುಂಡಿನ ಸುರಿಮಳೆ ಶುರುವಾಯಿತು. ಮರುದಿನವೇ ಕೋಟೆ ಅವನದಾಯಿತು. ಹಿಂದೆ ಹನ್ನೊಂದು ದಿನ ತಡೆದಿದ್ದ ಗೋಡೆ ಈಗ ಎರಡನೆಯ ದಿನಕ್ಕೆ ಸೋತಿತು. ಶರಣಾಗುವಾಗ ಮೈಸೂರಿನ ಕಾವಲುಪಡೆ ಮುಂದಿಟ್ಟ ಬೇಡಿಕೆ ಮನಸ್ಸನ್ನು ಕಲಕುವಂಥದ್ದು: ಸುತ್ತ ನೆರೆದಿದ್ದ ನಾಯರರಿಂದ ತಮ್ಮನ್ನು ಕಾಪಾಡಬೇಕು ಎಂದು ಅವರು ಕೇಳಿಕೊಂಡರು. ಇಪ್ಪತ್ತನಾಲ್ಕು ವರ್ಷಗಳ ಆಳ್ವಿಕೆ ಆ ನೆಲದಲ್ಲಿ ಎಂಥ ಸಿಟ್ಟನ್ನು ಬಿತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಹೈದರ್, ಟಿಪ್ಪು ಇವರ ಯುದ್ಧಚಾತುರ್ಯವನ್ನು ಹೆಮ್ಮೆಯಿಂದ ಓದುವ ಕನ್ನಡಿಗರು ಈ ಪುಟವನ್ನೂ ಓದಬೇಕು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮಲಬಾರು, ಕೊಡಗು, ದಿಂಡಿಗಲ್, ಬಾರಾಮಹಲ್ ಕೈತಪ್ಪಿದವು. ಪಾಲಕ್ಕಾಡು ಕಂಪನಿಗೆ ಹೋಯಿತು, ಕೊಯಮತ್ತೂರು ಟಿಪ್ಪುವಿನ ಬಳಿ ಉಳಿಯಿತು. ಏಳು ವರ್ಷ ಕಂಡಿಯ ಒಂದು ಬಾಯಿ ಇಂಗ್ಲಿಷರದು, ಇನ್ನೊಂದು ಮೈಸೂರಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎರಡೂ ಕಡೆ ಒಂದೇ ಬಾವುಟ ಹಾರಿತು. ಅಲ್ಲಿಗೆ ಕೋಟೆಗೆ ಕಾಯುವ ಗಡಿಯೇ ಇಲ್ಲವಾಯಿತು.

ದಾರಿಯ ಕೆಲಸ ಮಾತ್ರ ನಿಲ್ಲಲಿಲ್ಲ. ಮದ್ರಾಸಿನಿಂದ ಪಡುವಣ ಕಡಲಿಗೆ ರೈಲು ಹಾಕಹೊರಟ ಎಂಜಿನಿಯರುಗಳಿಗೆ ನಕ್ಷೆ ನೋಡಿದ ಕೂಡಲೇ ಕಂಡದ್ದು ಈ ತೆರಪು. 1861ರಲ್ಲಿ ಬೇಪೂರು ಮತ್ತು ತಿರೂರಿನ ನಡುವೆ ಕೇರಳದ ಮೊದಲ ರೈಲು ಓಡಿತು; ಮರುವರ್ಷ ಹಳಿ ಕಂಡಿ ದಾಟಿ ಮದ್ರಾಸಿಗೆ ಕೂಡಿಕೊಂಡಿತು. ಈಗ ಹೆದ್ದಾರಿಯೂ ಅದರ ಪಕ್ಕದಲ್ಲೇ ಇದೆ. ಇದರ ಬೆಲೆಯನ್ನು ತೆರುತ್ತಿರುವುದು ಆನೆಗಳು. ವಾಳಯಾರ್ ಮತ್ತು ಕಂಜಿಕೋಡ್ ನಡುವಿನ ಕಾಡಂಚಿನಲ್ಲಿ ರಾತ್ರಿ ರೈಲಿಗೆ ಸಿಕ್ಕಿ ಸತ್ತ ಆನೆಗಳ ಸುದ್ದಿ ಮತ್ತೆ ಮತ್ತೆ ಬಂದಿದೆ. ಅಲ್ಲಿ ಗಾಡಿಗಳ ವೇಗಕ್ಕೆ ಮಿತಿ ಹೇರಿರುವುದು ಅದಕ್ಕಾಗಿ.

ಕೋಟೆ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಂಪನಿಯ ಕಾಲದ ನಂತರ ಅದರೊಳಗೆ ತಾಲ್ಲೂಕು ಕಚೇರಿ ಇತ್ತು, ಬಹುಕಾಲ ಸಬ್‌ಜೈಲೂ ಇತ್ತು. ಒಳಗಿನ ಆಂಜನೇಯನ ಗುಡಿಗೆ ದಿನವೂ ಭಕ್ತರು ಬರುತ್ತಾರೆ, ಕಂದಕದ ದಂಡೆಯಲ್ಲಿ ಊರಿನವರು ಬೆಳಗಿನ ನಡಿಗೆ ಮಾಡುತ್ತಾರೆ, ಪಕ್ಕದ ಕೋಟ್ಟಮೈದಾನದಲ್ಲಿ ಸಭೆಗಳೂ ಆಟಗಳೂ ನಡೆಯುತ್ತವೆ. ಕಟ್ಟಿಸಿದವನು ಹೈದರನಾದರೂ ಎಲ್ಲರ ಬಾಯಲ್ಲಿ ಅದು ಟಿಪ್ಪುವಿನ ಕೋಟೆ. ಪಾಲಕ್ಕಾಡ್ ಜಂಕ್ಷನ್ನಿನಿಂದ ಅಲ್ಲಿಗೆ ಆಟೋದಲ್ಲಿ ಸ್ವಲ್ಪವೇ ಹೊತ್ತಿನ ದಾರಿ. ಗುರುವಾಯೂರಿಗೋ ಶಬರಿಮಲೆಗೋ ಹೋಗುವ ಕನ್ನಡಿಗರಿಗೆ ರೈಲು ಬದಲಿಸುವ ನಡುವೆ ಒಂದೆರಡು ಗಂಟೆ ಸಿಕ್ಕರೆ, ಸೇತುವೆ ದಾಟಿ ಬಾಗಿಲುಗಳ ನಡುವಿನ ಆ ಇಕ್ಕಟ್ಟಿನ ಜಾಗದಲ್ಲಿ ನಿಂತು ಮೇಲಿನ ಗೋಡೆಗಳನ್ನು ನೋಡಬಹುದು. ಆಮೇಲೆ ಕೊತ್ತಳ ಹತ್ತಿದರೆ, ಮಬ್ಬಿಲ್ಲದ ದಿನ, ದೂರದ ಬೆಟ್ಟಸಾಲುಗಳೂ ಅವುಗಳ ನಡುವಿನ ಬಯಲೂ ಕಣ್ಣಿಗೆ ಬೀಳುತ್ತವೆ.